ಸವೆದ ದಾರಿಯೋ, ಸ್ವಂತ ದಾರಿಯೋ?

ಬೌದ್ಧ ಸಾಧನೆಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇರೆ ಬೇರೆ ಮಾತಿನಲ್ಲಿ ಒಂದನ್ನೇ ಕೇಳುತ್ತವೆ: ಒಂದು ಪರಂಪರೆಗೆ ಸೇರಿಕೊಳ್ಳಬೇಕೋ, ನಮ್ಮ ಪಾಡಿಗೆ ನಾವು ಹೋಗಬಹುದೋ? ಅವುಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಪರಂಪರೆ ಹೇಳಿತೆಂದು ನಂಬಬೇಡಿ, ಗ್ರಂಥ ಹೇಳಿತೆಂದು ನಂಬಬೇಡಿ ಎಂದು ಬುದ್ಧನೇ ಕಾಲಾಮರೆಂಬ ಜನರಿಗೆ ಹೇಳಿದ್ದಾನೆ. ಅಂದಮೇಲೆ ಥೇರವಾದ, ಝೆನ್, ಟಿಬೆಟನ್ ಎಂದು ಒಂದು ಬಣಕ್ಕೆ ಸೇರುವುದು ಅವನ ಮಾತಿಗೇ ವಿರುದ್ಧವಲ್ಲವೇ?

ಉತ್ತರ: ಆ ಮಾತಿನ ಅರ್ಧ ಭಾಗ ಮಾತ್ರ ಎಲ್ಲ ಕಡೆ ಓಡಾಡುತ್ತಿದೆ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲೊಂದಾದ ಅಂಗುತ್ತರ ನಿಕಾಯದಲ್ಲಿರುವ ಆ ಸುತ್ತದಲ್ಲಿ (ಉಪದೇಶದಲ್ಲಿ) ಒಟ್ಟು 10 ಆಧಾರಗಳನ್ನು ಹೆಸರಿಸಿ, ಇವಿಷ್ಟರಿಂದಲೇ ಒಂದು ಮಾತನ್ನು ಒಪ್ಪಬೇಡಿ ಎಂದಿದೆ. ಮೊದಲ ನಾಲ್ಕು ನೀವು ಹೇಳಿದ ಜಾತಿಯವು: ಕೇಳಿಬಂದದ್ದು, ಪರಂಪರೆ, ಜನರಾಡುವ ಮಾತು, ಗ್ರಂಥ. ಮುಂದಿನ ನಾಲ್ಕನ್ನು ಯಾರೂ ಉದ್ಧರಿಸುವುದಿಲ್ಲ. ತರ್ಕ, ಊಹೆ, ಕಾರಣಗಳನ್ನು ಮನಸ್ಸಿನಲ್ಲೇ ಹೆಣೆಯುವುದು, ಮತ್ತು 'ನಾನು ಮೊದಲೇ ಒಪ್ಪಿಕೊಂಡ ದೃಷ್ಟಿಗೆ ಇದು ಹೊಂದುತ್ತದೆ' ಎಂಬ ಸಮಾಧಾನ. ಕೊನೆಯ ಎರಡು, ಹೇಳುವವನ ಗತ್ತು ಮತ್ತು 'ಇವರು ನಮ್ಮ ಗುರು' ಎಂಬ ಮಮತೆ. ಅಂದರೆ ಗ್ರಂಥದ ಜೊತೆ 'ನನಗೆ ಸರಿ ಅನ್ನಿಸಿತು' ಎಂಬುದೂ ಅದೇ ಕಟಕಟೆಯಲ್ಲಿ ನಿಂತಿದೆ.

ಹಾಗಾದರೆ ಯಾವುದನ್ನು ಹಿಡಿಯಬೇಕು? ಅದಕ್ಕೂ ಅಲ್ಲೇ ಉತ್ತರವಿದೆ. ಒಂದು ನಡೆ ಅಕುಶಲವೇ (ಕೆಡುಕಿನದೇ), ಅದರಲ್ಲಿ ದೋಷವಿದೆಯೇ, ತಿಳಿದವರು ಅದನ್ನು ಹಳಿಯುತ್ತಾರೆಯೇ, ಅದನ್ನು ಪೂರ್ತಿ ಕೈಗೊಂಡರೆ ಕೇಡಿಗೂ ದುಃಖಕ್ಕೂ ಒಯ್ಯುತ್ತದೆಯೇ. ಇವನ್ನು 'ನೀವೇ ಅರಿತಾಗ' ಬಿಡಿ ಎನ್ನುತ್ತಾನೆ. ಮೂರನೆಯದನ್ನು ಗಮನಿಸಿ: ತಿಳಿದವರ ಒಪ್ಪಿಗೆಯನ್ನು ಅವನು ಪಟ್ಟಿಯಿಂದ ಹೊರಗೆ ಹಾಕಲಿಲ್ಲ, ಪರೀಕ್ಷೆಯ ಒಳಗೇ ಇಟ್ಟ. ನಾಲ್ಕನೆಯದಕ್ಕೂ 'ಪೂರ್ತಿ ಕೈಗೊಂಡರೆ' ಎಂಬ ಷರತ್ತಿದೆ. ಎರಡು ವಾರ ಮಾಡಿ ನೋಡಿ ಬಿಟ್ಟದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಕೇಸಪುತ್ತದ ಆ ಕಾಲಾಮರು 'ಪರಂಪರೆ ಬೇಕೇ' ಎಂದು ಕೇಳಿದವರಲ್ಲ. ಬಂದ ಗುರುಗಳೆಲ್ಲ ತಮ್ಮದನ್ನು ಹೊಗಳಿ ಬೇರೆಯವರದನ್ನು ತೆಗಳಿ ಹೋಗುತ್ತಾರೆ, ಯಾರನ್ನು ನಂಬೋಣ ಎಂದು ಕೇಳಿದವರು. ಸುತ್ತದ ಕೊನೆಯಲ್ಲಿ ಅವರು ಬುದ್ಧ, ಧಮ್ಮ, ಸಂಘಗಳಿಗೆ ಶರಣು ಹೋಗಿ ಉಪಾಸಕರಾಗುತ್ತಾರೆ. ಆ ಭಾಗವನ್ನು ಭಿತ್ತಿಪತ್ರಗಳಲ್ಲಿ ಯಾರೂ ಅಚ್ಚು ಹಾಕುವುದಿಲ್ಲ.

'ನಿನಗೆ ನೀನೇ ದೀಪ' ಎಂಬುದನ್ನೂ ಹಲವರು ಬರೆದಿದ್ದಾರೆ. ಬುದ್ಧ ಇದನ್ನು ಹೇಳಿದ್ದು ತನ್ನ ಕೊನೆಯ ಮಳೆಗಾಲದಲ್ಲಿ, ಬೇಲುವ ಗ್ರಾಮದಲ್ಲಿ, ಆನಂದನಿಗೆ. ಪಾಲಿಯ 'ದೀಪ' ಎಂಬ ಪದಕ್ಕೆ ದ್ವೀಪ ಎಂಬ ಅರ್ಥವೂ ಇದೆ; ನೆರೆನೀರಿನ ನಡುವೆ ಕಾಲೂರಲು ಸಿಗುವ ನೆಲ. ಅದೇ ಉಸಿರಿನಲ್ಲಿ 'ಧಮ್ಮವೇ ದೀಪ, ಧಮ್ಮವೇ ಶರಣು' ಎಂದೂ ಇದೆ. ಹಾಗೆ ಬಾಳುವುದು ಹೇಗೆ ಎಂಬುದಕ್ಕೆ ದೇಹ, ವೇದನೆ (ಹಿತ-ಅಹಿತದ ಅನುಭವ), ಚಿತ್ತ, ಧಮ್ಮ (ಇಲ್ಲಿ ಮನಸ್ಸಿಗೆ ತೋರುವ ವಿಷಯಗಳು) ಎಂಬ ನಾಲ್ಕು ಸತಿಪಟ್ಠಾನಗಳನ್ನು, ಅಂದರೆ ಎಚ್ಚರ ನೆಲೆಗೊಳಿಸುವ ತಾಣಗಳನ್ನು, ಹೇಳಿದೆ. ನಿಮಗೆ ತೋಚಿದಂತೆ ಹೋಗಿ ಎಂದಲ್ಲ, ಹೇಳಿಕೊಟ್ಟದ್ದನ್ನು ನೀವೇ ಮಾಡಿ ಎಂದು.

ಪ್ರಶ್ನೆ: ಹೊಳೆ ದಾಟಿದ ಮೇಲೆ ತೆಪ್ಪವನ್ನು ಹೊತ್ತು ತಿರುಗಬಾರದು ಎಂದು ಬುದ್ಧ ಹೇಳಿಲ್ಲವೇ? ಹಾಗಾದರೆ ಶೀಲ, ಆಚರಣೆಗಳ ಹಂಗೇಕೆ?

ಉತ್ತರ: ಹೇಳಿದ್ದಾನೆ, ದಾಟಿದವನಿಗೆ. ಈ ಹೋಲಿಕೆ ಬರುವ ಅಲಗದ್ದೂಪಮ ಸುತ್ತ (ಮಜ್ಝಿಮ ನಿಕಾಯದ 22ನೆಯದು) ಶುರುವಾಗುವುದೇ ಅರಿಟ್ಠ ಎಂಬ ಭಿಕ್ಖುವಿನಿಂದ. ಬುದ್ಧ ಅಡ್ಡಿ ಎಂದದ್ದು ನಿಜವಾಗಿ ಅಡ್ಡಿಯೇ ಅಲ್ಲ ಎಂದು ತನ್ನದೇ ಅರ್ಥ ಮಾಡಿಕೊಂಡವನು ಅವನು. ಅವನಿಗಾಗಿಯೇ ಅಲ್ಲಿ ಹಾವಿನ ಹೋಲಿಕೆ ಬರುತ್ತದೆ: ಬಾಲ ಹಿಡಿದರೆ ತಿರುಗಿ ಕಚ್ಚುತ್ತದೆ. ತೆಪ್ಪದ ಮಾತು ಬರುವುದು ಅದರ ನಂತರ. ನಡುನೀರಿನಲ್ಲಿ ತೆಪ್ಪ ಬಿಟ್ಟವನ ಬಗ್ಗೆ ಸುತ್ತ ಏನನ್ನೂ ಹೇಳುವುದಿಲ್ಲ; ಹೇಳುವ ಅಗತ್ಯ ಕಂಡಿರಲಿಕ್ಕಿಲ್ಲ.

ಪ್ರಶ್ನೆ: ದಿನಾ 40 ನಿಮಿಷ ಕೂರುತ್ತೇನೆ. ಮೊದಲು ಉಸಿರು, ಆಮೇಲೆ ದೇಹದ ಸಂವೇದನೆ, ಕೊನೆಗೆ ಒಂದು ಟಿಬೆಟನ್ ಮಂತ್ರ, ಮನಸ್ಸು ಬಂದ ದಿನ ಝೆನ್ ಕೋಅನ್ (ತರ್ಕಕ್ಕೆ ನಿಲುಕದ ಪ್ರಶ್ನೆ). ಎಲ್ಲ ಕಡೆಯಿಂದ ಒಳ್ಳೆಯದನ್ನು ಆಯ್ದುಕೊಂಡಿದ್ದೇನೆ. ಎರಡು ವರ್ಷವಾದರೂ ಒಂದಿಂಚು ಮುಂದೆ ಹೋದಂತಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಆಯ್ದುಕೊಂಡದ್ದರಲ್ಲಿ ತಪ್ಪಿಲ್ಲ, ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದದ್ದರಲ್ಲಿ ಇದೆ. ಉಸಿರಿನಲ್ಲಿ ಏಕಾಗ್ರತೆ ಬೆಳೆಸುವಾಗ ಗಮನ ಒಂದೇ ಜಾಗದಲ್ಲಿ ನಿಲ್ಲಬೇಕು. 5ನೇ ಶತಮಾನದಲ್ಲಿ ಬುದ್ಧಘೋಷ ಬರೆದ 'ವಿಸುದ್ಧಿಮಗ್ಗ' ಎಂಬ ಥೇರವಾದ ಸಾಧನೆಯ ಕೈಪಿಡಿ ಇದಕ್ಕೆ ಗರಗಸದ ಹೋಲಿಕೆ ಕೊಡುತ್ತದೆ. ಮರ ಕೊಯ್ಯುವವನ ಕಣ್ಣು ಹಲ್ಲು ಮರಕ್ಕೆ ತಾಗುವಲ್ಲಿ ಇರುತ್ತದೆ, ಹೋಗಿ ಬರುವ ಹಲ್ಲುಗಳ ಹಿಂದೆ ಓಡುವುದಿಲ್ಲ. ಇಲ್ಲಿ ಮಂಡಿಯ ನೋವು, ಕಿವಿಯ ಬಳಿಯ ತುರಿಕೆ ಹೊರಗಿನ ಸಂಗತಿಗಳು. ಸಂವೇದನೆ ನೋಡುವ ಅಭ್ಯಾಸದಲ್ಲಿ ಅದೇ ನೋವು, ಅದೇ ತುರಿಕೆ ಮುಖ್ಯ ವಿಷಯ. ಗಮನ ತಲೆಯಿಂದ ಕಾಲಿಗೆ ಚಲಿಸಬೇಕು. ಹನ್ನೆರಡನೇ ನಿಮಿಷಕ್ಕೆ ಉಸಿರು ಸ್ವಲ್ಪ ಹಿಡಿತಕ್ಕೆ ಸಿಕ್ಕಿತು ಅನ್ನುವಾಗ ನೀವು ಅದನ್ನು ಬಿಟ್ಟು ದೇಹಕ್ಕೆ ಹೋಗುತ್ತೀರಿ. ಅಲ್ಲಿ ಸೂಕ್ಷ್ಮತೆ ಬರುವಷ್ಟರಲ್ಲಿ ಮಂತ್ರ. ಒಲೆಯ ಮೇಲೆ ನಾಲ್ಕು ಪಾತ್ರೆ ಇಟ್ಟು ಯಾವುದೂ ಕುದಿಯುವ ಮೊದಲೇ ಇಳಿಸಿದ ಹಾಗೆ.

ಪರಂಪರೆಗಳೂ ಎರಡು ವಿಧಾನಗಳನ್ನು ಜೋಡಿಸುತ್ತವೆ, ಆದರೆ ಒಂದರ ನಂತರ ಒಂದನ್ನು. ವಿಪಸ್ಸನ (ಒಳನೋಟದ ಧ್ಯಾನ) ಕಲಿಸಿದ ಎಸ್.ಎನ್. ಗೋಯೆಂಕಾ ಅವರ 10 ದಿನಗಳ ಶಿಬಿರದಲ್ಲಿ ಮೊದಲ ಮೂರು ದಿನ ಮೂಗಿನ ಸುತ್ತಲ ಉಸಿರು ಮಾತ್ರ. ಸಂವೇದನೆ ನೋಡುವುದು ನಾಲ್ಕನೇ ದಿನದಿಂದ. ಕೋಅನ್ ಬೇರೆಯೇ ವಿಷಯ. ಗುರುವಿನ ಎದುರು ಕೂತು ಉತ್ತರ ಒಪ್ಪಿಸುವ, ಹತ್ತಾರು ಸಲ ತಿರಸ್ಕಾರವಾಗುವ ಏಕಾಂತ ಭೇಟಿ ಅದರ ಅರ್ಧ ಭಾಗ. ಅದಿಲ್ಲದೆ ಕೋಅನ್ ಬರೀ ಒಗಟು. ಮಂತ್ರಗಳಲ್ಲಿ 'ಓಂ ಮಣಿ ಪದ್ಮೇ ಹೂಂ' ಯಾರು ಬೇಕಾದರೂ ಜಪಿಸಬಹುದಾದದ್ದು. ದೇವತಾಧ್ಯಾನದ ಸಾಧನೆಗಳಿಗೆ ಮಾತ್ರ ಅಭಿಷೇಕ, ಅಂದರೆ ಗುರುವಿನ ದೀಕ್ಷೆ, ಬೇಕು. ಪುಸ್ತಕ ನೋಡಿ ಅವನ್ನು ಮಾಡುವುದು ಬೇಡ.

ಈಗ ಮಾಡಬೇಕಾದದ್ದು. 90 ದಿನ ಉಸಿರೊಂದನ್ನೇ ಹಿಡಿಯಿರಿ, ಪೂರಾ 40 ನಿಮಿಷ. ಎಣಿಕೆಯಿಂದ ಶುರು ಮಾಡಿ: ಐದಕ್ಕಿಂತ ಕಡಿಮೆ ಬೇಡ, ಹತ್ತು ದಾಟುವುದೂ ಬೇಡ. ಇದು ವಿಸುದ್ಧಿಮಗ್ಗದ್ದೇ ಅಳತೆ, ಕಾರಣವನ್ನೂ ಕೊಟ್ಟಿದೆ. ಐದರ ಒಳಗೆ ನಿಲ್ಲಿಸಿದರೆ ಇಕ್ಕಟ್ಟಿನ ದೊಡ್ಡಿಯಲ್ಲಿ ಕೂಡಿಹಾಕಿದ ದನಗಳಂತೆ ಮನಸ್ಸು ಒದ್ದಾಡುತ್ತದೆ. ಹತ್ತು ದಾಟಿದರೆ ಮನಸ್ಸು ಉಸಿರನ್ನು ಬಿಟ್ಟು ಸಂಖ್ಯೆಗೆ ಜೋತುಬೀಳುತ್ತದೆ. ಮೊದಮೊದಲು ಧಾನ್ಯ ಅಳೆಯುವವನಂತೆ ನಿಧಾನವಾಗಿ, ಒಂದು ಅಳತೆ ತುಂಬುವವರೆಗೆ 'ಒಂದು, ಒಂದು' ಎನ್ನುತ್ತಾ ಎಣಿಸಿ. ಇದ್ದಕ್ಕಿದ್ದಂತೆ 'ಹದಿನಾಲ್ಕು' ಎಂದುಕೊಳ್ಳುತ್ತಿರುವುದು ಕಾಣುತ್ತದೆ. ಎಣಿಕೆ ತಾನಾಗಿ ಓಡಿದೆ, ಉಸಿರು ಎಂದೋ ಕೈಬಿಟ್ಟಿದೆ. ಬೈದುಕೊಳ್ಳದೆ ಒಂದಕ್ಕೆ ಮರಳಿ.

ಎದ್ದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಿರಿ: ಎಣಿಕೆ ಹೆಚ್ಚಾಗಿ ಕಡಿದದ್ದು ಐದು ನೀವರಣಗಳಲ್ಲಿ (ಮನಸ್ಸಿನ ಅಡ್ಡಿಗಳಲ್ಲಿ) ಯಾವುದರಿಂದ? ಬಯಕೆ, ದ್ವೇಷ, ಜಡತೆ-ತೂಕಡಿಕೆ, ಚಡಪಡಿಕೆ-ಕೊರಗು, ಸಂಶಯ. ಎರಡು ಮೂರು ವಾರಕ್ಕೆ ನಿಮ್ಮ ಮನಸ್ಸಿನ ಚಾಳಿ ಆ ಸಾಲುಗಳಲ್ಲೇ ಎದ್ದು ಕಾಣುತ್ತದೆ. ಬದಲಾವಣೆಗೆ ಅವಕಾಶ ಇರುವುದು ಈಗ. ಮೇಘಿಯ ಎಂಬ ಶಿಷ್ಯನಿಗೆ ಬುದ್ಧ ರೋಗಕ್ಕೆ ತಕ್ಕ ಮದ್ದು ಹಂಚಿಕೊಟ್ಟಿದ್ದಾನೆ: ರಾಗಕ್ಕೆ ದೇಹದ ಹೊಲಸನ್ನು ನೆನೆಯುವ ಅಶುಭ ಭಾವನೆ, ದ್ವೇಷಕ್ಕೆ ಮೈತ್ರಿ, ಯೋಚನೆಗಳ ಗದ್ದಲಕ್ಕೆ ಆನಾಪಾನಸತಿ (ಉಸಿರಿನ ಮೇಲಿನ ಎಚ್ಚರ), 'ನಾನು' ಎಂಬ ಹಮ್ಮಿಗೆ ಅನಿತ್ಯ ಸಂಜ್ಞೆ (ಯಾವುದೂ ನಿಲ್ಲದು ಎಂಬ ಅರಿವು). ವಿಸುದ್ಧಿಮಗ್ಗ ಇದನ್ನೇ ಬೆಳೆಸಿ 40 ಕಮ್ಮಟ್ಠಾನಗಳನ್ನು (ಧ್ಯಾನದ ವಿಷಯಗಳನ್ನು) ಆರು ಬಗೆಯ ಸ್ವಭಾವಗಳಿಗೆ ಹೊಂದಿಸುತ್ತದೆ. ಪರಂಪರೆ ಎಂದರೆ ಎಲ್ಲರಿಗೂ ಒಂದೇ ಅಚ್ಚು ಎಂಬ ಭಾವನೆ ಎಲ್ಲಿಂದ ಬಂತೋ!

ವಿಧಾನ ಬದಲಿಸುವುದಕ್ಕೆ ನಮ್ಮ ಸಲಹೆ ಇಷ್ಟೇ: ಕೂತಲ್ಲೇ ಎಂದೂ ಬದಲಿಸಬೇಡಿ, ಎದ್ದ ಮೇಲೆ ತೀರ್ಮಾನಿಸಿ. ಕೆಟ್ಟದಾಗಿ ಹೋದ ದಿನ ಬದಲಿಸಬೇಕು ಅನ್ನಿಸಿದರೆ ಚೆನ್ನಾಗಿ ಹೋದ ದಿನದವರೆಗೆ ಕಾಯಿರಿ. ಆಗಲೂ ಅನ್ನಿಸಿದರೆ ಬದಲಿಸಿ. ಕುಣಿಯಲಾರದವಳು ನೆಲ ಡೊಂಕೆಂದ ಕತೆ ಧ್ಯಾನದಲ್ಲಿ ದಿನಕ್ಕೆ ಮೂರು ಸಲ ನಡೆಯುತ್ತದೆ.

ಕೊನೆಗೊಂದು ಮಾತು, ಬೇಸರಿಸಬೇಡಿ. ನೀವು ಆಯ್ದುಕೊಂಡ ನಾಲ್ಕೂ ಕೂತು ಮಾಡುವಂಥವು. ಪಂಚಶೀಲದ (ಕೊಲ್ಲುವುದು, ಕದಿಯುವುದು, ಕಾಮದ ದುರ್ನಡತೆ, ಸುಳ್ಳು, ಅಮಲು ಬಿಡುವ ಐದು ನಿಯಮಗಳ) ಸುದ್ದಿಯೇ ನಿಮ್ಮ ಪತ್ರದಲ್ಲಿಲ್ಲ. ಸ್ವಂತ ದಾರಿ ಕಟ್ಟಿಕೊಳ್ಳುವವರು ಮೊದಲು ಕೈಬಿಡುವುದು ಅದನ್ನೇ. ಹಗಲು ಆಡಿದ ಸುಳ್ಳು, ಎರಡು ಗುಟುಕಿನ ಅಮಲು ಬೆಳಗಿನ ಜಾವ ಚಡಪಡಿಕೆಯಾಗಿ, ಕೊರಗಾಗಿ ಬಂದು ಪಕ್ಕದಲ್ಲೇ ಕೂರುತ್ತವೆ. ಅವನ್ನು ಉಸಿರಿನಿಂದ ಓಡಿಸಲು ಹೋಗಿ ಎರಡು ವರ್ಷ ಕಳೆದಿರಬಹುದು.

ಪ್ರಶ್ನೆ: ತ್ರಿಶರಣ, ಪಂಚಶೀಲವನ್ನು ಪಾಲಿಯಲ್ಲೇ ಹೇಳಬೇಕೇ? ಕನ್ನಡದಲ್ಲಿ ಹೇಳಿದರೆ ಫಲ ಕಡಿಮೆಯೇ?

ಉತ್ತರ: ಇಲ್ಲ. ಬುದ್ಧವಚನವನ್ನು ಛಂದಸ್ಸಿಗೆ ಏರಿಸೋಣವೇ ಎಂದು ಇಬ್ಬರು ಭಿಕ್ಖುಗಳು ಕೇಳಿದಾಗ ಬುದ್ಧ ಒಪ್ಪದೆ, 'ಸ್ವಂತ ಭಾಷೆಯಲ್ಲಿ' ಕಲಿಯಲು ಅನುಮತಿ ಕೊಟ್ಟದ್ದು ಭಿಕ್ಖುಗಳ ನಿಯಮಗಳ ಸಂಗ್ರಹವಾದ ವಿನಯಪಿಟಕದಲ್ಲಿದೆ. ಬುದ್ಧಘೋಷ ಇದನ್ನು 'ಬುದ್ಧನ ಸ್ವಂತ ಭಾಷೆ' ಎಂದು ಅರ್ಥೈಸಿದ. ಕಲಿಯುವವರ ಸ್ವಂತ ಭಾಷೆ ಎಂಬ ಅರ್ಥವನ್ನು ಈಗಿನ ಹಲವು ವಿದ್ವಾಂಸರು ಒಪ್ಪುತ್ತಾರೆ. ನಾಲ್ಕು ಜನ ಸೇರಿದಾಗ ಪಾಲಿ ಒಟ್ಟಿಗೆ ಹೇಳಲು ಅನುಕೂಲ. ಒಬ್ಬರೇ ಇರುವಾಗ ಅರ್ಥವಾಗುವ ಭಾಷೆಯಲ್ಲಿ ಹೇಳಿ.

ಪ್ರಶ್ನೆ: ಗುರುವಿಲ್ಲದೆ ಒಂದು ವರ್ಷದಿಂದ ಧ್ಯಾನ ಮಾಡುತ್ತಿದ್ದೇನೆ. ಈಚೆಗೆ ಕಣ್ಣು ಮುಚ್ಚಿದರೆ ಬೆಳಕು, ಮೈ ಹತ್ತಿಯಂತೆ ಹಗುರ, ತಾಸುಗಟ್ಟಲೆ ಕೂರಬಲ್ಲೆ. ಇದು ಸೋತಾಪತ್ತಿ, ಅಂದರೆ ಬಿಡುಗಡೆಯ ಮೊದಲ ಮೆಟ್ಟಿಲು, ಇರಬಹುದೇ?

ಉತ್ತರ: ಬೆಳಕೊಂದರಿಂದ ಹಾಗೆ ಹೇಳಲು ಬರುವುದಿಲ್ಲ. ಉಸಿರು ನೆಲೆಗೊಂಡಾಗ ಮೂಡುವ ನಿಮಿತ್ತ ಒಬ್ಬರಿಗೆ ನಕ್ಷತ್ರದಂತೆ, ಒಬ್ಬರಿಗೆ ಮುತ್ತಿನಂತೆ, ಮತ್ತೊಬ್ಬರಿಗೆ ಹೊಗೆಯ ಸುರುಳಿ ಅಥವಾ ಜೇಡರ ಬಲೆಯಂತೆ ಕಾಣಬಹುದೆಂದು ವಿಸುದ್ಧಿಮಗ್ಗದಲ್ಲಿದೆ. ಅದು ಏಕಾಗ್ರತೆಯ ಗುರುತು, ಅಷ್ಟೇ. ಅದನ್ನು ದಿಟ್ಟಿಸಲು ಹೋದರೆ ಮಾಯವಾಗುತ್ತದೆ. ಉಸಿರಿನಲ್ಲೇ ಇರಿ.

ವಿಪಸ್ಸನದ ಹಾದಿಯಲ್ಲೂ ಇಂಥದ್ದೇ ಒಂದು ತಿರುವಿದೆ. ಅಲ್ಲಿ 10 ಉಪಕ್ಲೇಶಗಳನ್ನು (ಒಳನೋಟವನ್ನು ಕೆಡಿಸುವವನ್ನು) ಹೆಸರಿಸಿದ್ದಾರೆ: ಬೆಳಕು, ಜ್ಞಾನ, ಉಕ್ಕುವ ಹರ್ಷ, ಪ್ರಶಾಂತಿ, ಸುಖ, ಗಟ್ಟಿ ನಂಬಿಕೆ, ಉತ್ಸಾಹ, ಸ್ಥಿರವಾದ ಎಚ್ಚರ, ಸಮಚಿತ್ತತೆ, ಇವೆಲ್ಲದರ ಮೇಲೆ ಮೂಡುವ ಸೂಕ್ಷ್ಮ ಆಸೆ. ಮೊದಲ ಒಂಬತ್ತರಲ್ಲಿ ಕೆಟ್ಟದ್ದು ಒಂದೂ ಇಲ್ಲ. ಹತ್ತನೆಯದು ಅಂಟಿದ ಕೂಡಲೇ ಒಂಬತ್ತೂ ಕೆಡುತ್ತವೆ, ಸಾಧಕ 'ಮುಟ್ಟಿಬಿಟ್ಟೆ' ಎಂದುಕೊಳ್ಳುತ್ತಾನೆ. ಒಬ್ಬಂಟಿ ದಾರಿಯ ದೊಡ್ಡ ತೊಡಕು ಇಲ್ಲಿದೆ: ಬಹಳ ಇಷ್ಟವಾದದ್ದೇ ಕಾಲಿಗೆ ಸುತ್ತಿಕೊಂಡಿದೆ ಎಂದು ಹೇಳುವವರು ಪಕ್ಕದಲ್ಲಿ ಇರುವುದಿಲ್ಲ.

ಬುದ್ಧನ ಹಿರಿಯ ಶಿಷ್ಯ ಅನುರುದ್ಧನಂಥವನಿಗೂ ಹೀಗಾಗಿತ್ತು. ಅವನು ಇನ್ನೊಬ್ಬ ಹಿರಿಯ ಶಿಷ್ಯ ಸಾರಿಪುತ್ತನ ಬಳಿ ಬಂದು, 'ದಿವ್ಯಚಕ್ಷುವಿನಿಂದ ಸಾವಿರ ಲೋಕ ನೋಡುತ್ತೇನೆ, ನನ್ನ ಪ್ರಯತ್ನ ಸಡಿಲವಾಗಿಲ್ಲ, ಆದರೂ ಚಿತ್ತಕ್ಕೆ ಬಿಡುಗಡೆ ಇಲ್ಲ' ಎಂದ. ಸಾರಿಪುತ್ತ ಮೂರು ಮಾತಿನಲ್ಲಿ ಮುಗಿಸಿದ. ಸಾವಿರ ಲೋಕ ನೋಡುತ್ತೇನೆ ಎಂಬುದು ನಿನ್ನ ಅಹಂ. ಪ್ರಯತ್ನ ಸಡಿಲವಾಗಿಲ್ಲ ಎಂಬುದು ಚಡಪಡಿಕೆ. ಬಿಡುಗಡೆ ಇಲ್ಲ ಎಂಬುದು ಕೊರಗು. ಈ ಮೂರನ್ನು ಬಿಡು ಎಂದ. ಅನುರುದ್ಧ ತನ್ನ ಮೂರು ಗುಣಗಳೆಂದುಕೊಂಡಿದ್ದವು ಮೂರು ಕಟ್ಟುಗಳಾಗಿದ್ದವು. ಇದನ್ನು ಒಳಗಿನಿಂದ ಕಾಣುವುದು ಕಷ್ಟ.

ನೀವೇ ಮಾಡಿಕೊಳ್ಳಬಹುದಾದ ಪರೀಕ್ಷೆ: ಧ್ಯಾನ ಮುಗಿದು ಎರಡು ಗಂಟೆಯ ಮೇಲೆ ಮನೆಯವರು ನಿಮ್ಮ ಮಾತಿಗೆ ಅಡ್ಡ ಹೇಳಿದಾಗ ಏನಾಗುತ್ತದೆ? ಮೂರು ತಿಂಗಳ ಹಿಂದೆ ಏನಾಗುತ್ತಿತ್ತು? ಸೋತಾಪನ್ನನಿಗೆ ಕಡಿದುಹೋಗುವ ಮೂರು ಬಂಧನಗಳು ಆತ್ಮದೃಷ್ಟಿ ('ಬದಲಾಗದ ನಾನು ಒಂದಿದೆ' ಎಂಬ ನೋಟ), ಸಂಶಯ ಮತ್ತು ಬರೀ ವ್ರತಾಚರಣೆಗೆ ಜೋತುಬೀಳುವುದು. ಬೆಳಕು ಆ ಪಟ್ಟಿಯಲ್ಲಿಲ್ಲ.

ಒಂದು ಎಚ್ಚರಿಕೆ. ನಿದ್ದೆ ಕಡಿಮೆಯಾಗುವುದು, ತಲೆ ಕಾದಂತಾಗುವುದು, ಕಾರಣವಿಲ್ಲದ ಭಯ, ಲೋಕವೇ ಸುಳ್ಳೆನಿಸುವುದು, ಇವು ಬಂದರೆ ಕೂರುವುದನ್ನು ನಿಲ್ಲಿಸಿ. ಹೊತ್ತಿಗೆ ಸರಿಯಾಗಿ ಊಟ, ನಡಿಗೆ, ಮೈಮುರಿಯುವ ಕೆಲಸ. ಒಂದೆರಡು ದಿನದಲ್ಲಿ ಇಳಿಯದಿದ್ದರೆ ಮನೋವೈದ್ಯರನ್ನು ನೋಡಿ. ಅದು ಸಾಧನೆಗೆ ಅವಮಾನವಲ್ಲ. ಜಪಾನಿನ ಝೆನ್ ಗುರು ಹಾಕುಇನ್ (1686–1769) ಅತಿಯಾಗಿ ಕೂತು, ತಲೆಗೆ ಬಿಸಿ ಏರಿ, ಕಾಲು ಮಂಜಿನಂತೆ ತಣ್ಣಗಾಗಿ, ಕಿವಿಯಲ್ಲಿ ಹೊಳೆ ಹರಿದ ಸದ್ದು ಕೇಳಿ ನರಳಿದ್ದನ್ನು ತಾನೇ ಬರೆದಿಟ್ಟಿದ್ದಾನೆ.

ಪ್ರಶ್ನೆ: ಪುನರ್ಜನ್ಮವನ್ನು ನಂಬಲಾರೆ. ಬೌದ್ಧ ಎಂದು ಹೇಳಿಕೊಳ್ಳಬಹುದೇ, ಅಥವಾ ನನ್ನದೇ ಬೌದ್ಧಧರ್ಮ ಮಾಡಿಕೊಂಡ ಹಾಗಾಗುತ್ತದೆಯೇ?

ಉತ್ತರ: 'ಬುದ್ಧ ಪುನರ್ಜನ್ಮ ಹೇಳಿಯೇ ಇಲ್ಲ' ಎನ್ನಬೇಡಿ, ನಿಕಾಯಗಳಲ್ಲಿ ಅದು ತುಂಬಿದೆ. 'ನನಗೆ ಇನ್ನೂ ಗೊತ್ತಿಲ್ಲ' ಎನ್ನಿ. ಚಂಕೀ ಸುತ್ತ ಇದನ್ನೇ ಸತ್ಯದ ರಕ್ಷಣೆ ಎನ್ನುತ್ತದೆ: 'ನನ್ನ ನಂಬಿಕೆ ಹೀಗಿದೆ' ಎಂದು ಹೇಳಿ ನಿಲ್ಲಿಸುವುದು, 'ಇದೊಂದೇ ನಿಜ, ಉಳಿದದ್ದೆಲ್ಲ ಸುಳ್ಳು' ಎಂಬಲ್ಲಿಗೆ ಹೋಗದಿರುವುದು. ಕಾಲಾಮ ಸುತ್ತದ ಕೊನೆಗೂ ಇಂಥದ್ದೇ ಭರವಸೆ ಇದೆ. ಪರಲೋಕ ಇದ್ದರೆ ಶುದ್ಧಚಿತ್ತದವನಿಗೆ ಒಳ್ಳೆಯ ಗತಿ. ಇಲ್ಲದಿದ್ದರೂ ಇಲ್ಲೇ, ಈಗಲೇ ದ್ವೇಷವಿಲ್ಲದ ಸುಖದ ಬಾಳು.

ಹೊಸದನ್ನು ಕಟ್ಟಿದವರ ಮಾತು ಬಂದರೆ ಅಂಬೇಡ್ಕರ್ ಅವರ ಕ್ರಮವನ್ನು ನೋಡಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಮೊದಲು ಹಿರಿಯ ಭಿಕ್ಖು ಚಂದ್ರಮಣಿಯವರಿಂದ ತ್ರಿಶರಣ, ಪಂಚಶೀಲಗಳನ್ನು ಹಳೆಯ ರೀತಿಯಲ್ಲೇ ಪಡೆದರು. ಆಮೇಲೆ ತಮ್ಮ ಜನರಿಗೆ ತಾವೇ ದೀಕ್ಷೆ ಕೊಟ್ಟು, ತಾವೇ ರೂಪಿಸಿದ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಅಷ್ಟು ದೊಡ್ಡ ಹೊಸತನಕ್ಕೂ ಅವರು ಹಳೆಯ ಹೊಸ್ತಿಲನ್ನೇ ದಾಟಿ ಬಂದರು.

ಪ್ರಶ್ನೆ: ಗುರು ಬೇಕು ಅನ್ನುತ್ತೀರಿ. ಆದರೆ ಮೋಸಗಾರರೇ ಹೆಚ್ಚು. ಪರೀಕ್ಷಿಸುವುದು ಹೇಗೆ?

ಉತ್ತರ: ನಿಧಾನವಾಗಿ. ಅಂಗುತ್ತರ ನಿಕಾಯದಲ್ಲಿ ನಾಲ್ಕು ಅಳತೆಗಳಿವೆ: ಒಬ್ಬರ ಶೀಲ ಜೊತೆಯಲ್ಲಿ ಬಾಳಿದಾಗ, ಪ್ರಾಮಾಣಿಕತೆ ವ್ಯವಹರಿಸಿದಾಗ, ಗಟ್ಟಿತನ ಆಪತ್ತಿನಲ್ಲಿ, ಪ್ರಜ್ಞೆ ಚರ್ಚೆಯಲ್ಲಿ ತಿಳಿಯುತ್ತದೆ; ಅದೂ ಬಹುಕಾಲದಲ್ಲಿ, ಗಮನವಿಟ್ಟವನಿಗೆ. ವೇದಿಕೆಯ ಮೇಲೆ ಕೇಳಿದ ಒಂದು ಪ್ರವಚನದಲ್ಲಿ ಈ ನಾಲ್ಕರಲ್ಲಿ ಒಂದೂ ಸಿಗುವುದಿಲ್ಲ. ವೀಮಂಸಕ ಸುತ್ತದಲ್ಲಂತೂ ಬುದ್ಧ ತನ್ನನ್ನೇ ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ ಪರೀಕ್ಷಿಸಿ ಎನ್ನುತ್ತಾನೆ. ಪರೀಕ್ಷೆಗೆ ಸಿಡುಕುವ ಗುರುವಿಗೆ ಬುದ್ಧನ ಮಾದರಿಯ ರಕ್ಷಣೆ ಇಲ್ಲ.

ಸುಲಭದ ಒಂದು ಒರೆಗಲ್ಲು: ತನ್ನ ಸಿದ್ಧಿಯನ್ನು ತಾನೇ ಸಾರಿಕೊಳ್ಳುತ್ತಾರೆಯೇ? ಇಲ್ಲದ ಸಿದ್ಧಿಯನ್ನು ಗೊತ್ತಿದ್ದೂ ಇದೆ ಎಂದರೆ ವಿನಯಪಿಟಕದ ಪ್ರಕಾರ ಪಾರಾಜಿಕ, ಅಲ್ಲಿಗೆ ಆತನ ಭಿಕ್ಖುತನ ಮುಗಿಯಿತು. ನಿಜವಾಗಿ ಇದ್ದದ್ದನ್ನು ದೀಕ್ಷೆ ಪಡೆಯದವರಿಗೆ ಹೇಳಿದರೂ ಪಾಚಿತ್ತಿಯ ಎಂಬ ದೋಷ. ಹಾಗಾಗಿ ನಿಮ್ಮ ಮುಂದೆ 'ನಾನು ಅರಹಂತ' (ಪೂರ್ಣ ಬಿಡುಗಡೆ ಹೊಂದಿದವನು) ಎನ್ನುವ ಭಿಕ್ಖು, ನಿಜ ಹೇಳಿದರೂ ಸುಳ್ಳು ಹೇಳಿದರೂ ನಿಯಮ ಮುರಿದಂತೆಯೇ. 'ಇದನ್ನು ಯಾರಿಗೂ ಹೇಳಬೇಡ', 'ಮನೆಯವರಿಂದ ದೂರವಿರು', 'ಮುಂದಿನ ಹಂತಕ್ಕೆ ಇಷ್ಟು ಹಣ' ಎಂಬ ಮೂರರಲ್ಲಿ ಒಂದು ಕೇಳಿಬಂದರೂ ಎದ್ದು ಬನ್ನಿ.

ಪ್ರಶ್ನೆ: ಹತ್ತಿರದಲ್ಲಿ ಯಾವ ಸಂಘವೂ ಇಲ್ಲ. ಸುತ್ತನಿಪಾತದಲ್ಲಿ 'ಘೇಂಡಾಮೃಗದ ಕೊಂಬಿನಂತೆ ಒಬ್ಬನೇ ಸಾಗು' ಎಂದಿದೆಯಲ್ಲ, ಹಾಗೆ ಹೋಗಲೇ?

ಉತ್ತರ: ಅದೇ ಖಡ್ಗವಿಷಾಣ ಸುತ್ತದಲ್ಲಿ, ವಿವೇಕಿಯಾದ ಜೊತೆಗಾರ ಸಿಕ್ಕರೆ ಅವನೊಂದಿಗೆ ಹೋಗು ಎಂದಿದೆ, ಸಿಗದಿದ್ದರೆ ಮಾತ್ರ ಒಬ್ಬನೇ. ಮೇಲೆ ಹೇಳಿದ ಮೇಘಿಯನ ಪ್ರಸಂಗ ಇದರ ಇನ್ನೊಂದು ಮುಖ. ಹೊಳೆಯ ದಡದಲ್ಲಿ ಚಂದದ ಮಾವಿನ ತೋಪು ಕಂಡು, ಅಲ್ಲಿ ಒಬ್ಬನೇ ಧ್ಯಾನಿಸುತ್ತೇನೆ ಎಂದ. 'ಇನ್ನೊಬ್ಬ ಭಿಕ್ಖು ಬರುವವರೆಗೆ ತಡಿ' ಎಂದ ಬುದ್ಧ. ಮೂರು ಸಲ ಹಟ ಹಿಡಿದು ಹೋದವನಿಗೆ ತೋಪಿನಲ್ಲಿ ಎದುರಾದದ್ದು ಕಾಮ, ದ್ವೇಷ, ಹಿಂಸೆಯ ಯೋಚನೆಗಳು. ಮರಳಿ ಬಂದಾಗ ಬುದ್ಧ ಚಿತ್ತ ಮಾಗಲು ಬೇಕಾದ ಐದನ್ನು ಹೇಳಿದ; ಮೊದಲನೆಯದು ಕಲ್ಯಾಣಮಿತ್ರ. ಶೀಲ, ಸಾಧನೆಗೆ ಒದಗುವ ಮಾತುಕತೆ, ಪ್ರಯತ್ನ, ಪ್ರಜ್ಞೆ ಅದರ ಹಿಂದೆ ಬರುತ್ತವೆ.

ಆ ಮಿತ್ರ ಗುರುವೇ ಆಗಬೇಕಿಲ್ಲ, ಹತ್ತಿರವೇ ಇರಬೇಕಿಲ್ಲ. ನಿಮಗಿಂತ ತುಸು ಹೆಚ್ಚು ಕಾಲ ಒಂದೇ ವಿಧಾನದಲ್ಲಿ ನಡೆದ, ನಿಮ್ಮನ್ನು ಮೆಚ್ಚಿಸುವ ಗರಜಿಲ್ಲದ ಒಬ್ಬರು ಸಾಕು. ತಿಂಗಳಿಗೊಮ್ಮೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿ. ಅನುಭವದ ವರ್ಣನೆ ಬೇಡ, ಆ ನೋಟ್‌ಬುಕ್ಕಿನ ಸಾಲುಗಳನ್ನು ಓದಿ ಹೇಳಿ. ಹದಿನೈದು ದಿನದಲ್ಲಿ ಎರಡು ಸಲ, ಅಷ್ಟಮಿಗೂ ಹುಣ್ಣಿಮೆ-ಅಮಾವಾಸ್ಯೆಗೂ, ಉಪೋಸಥದ (ವ್ರತದಿನದ) ಅಷ್ಟಶೀಲ, ಅಂದರೆ ಎಂಟು ನಿಯಮ, ಹಿಡಿಯಿರಿ. ಮಧ್ಯಾಹ್ನ 12ರ ನಂತರ ಊಟವಿಲ್ಲದಿರುವುದೂ ಅದರಲ್ಲಿ ಸೇರಿದೆ. ಸಕ್ಕರೆ ಕಾಯಿಲೆ ಇದ್ದವರು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವವರು ಅದೊಂದನ್ನು ಬಿಡಲಿ. ಓದಿಗೆ ಮಜ್ಝಿಮ ನಿಕಾಯ ಸಾಕು. ಅದರಲ್ಲಿ 152 ಸುತ್ತಗಳಿವೆ. ವಾರಕ್ಕೊಂದರಂತೆ, ಅದೇ ಸುತ್ತವನ್ನು ವಾರವಿಡೀ ಎರಡು ಮೂರು ಸಲ ಓದುತ್ತಾ ಹೋದರೆ ಹತ್ತಿರ ಹತ್ತಿರ ಮೂರು ವರ್ಷದ ಕೆಲಸ. ಹತ್ತನೆಯದರಿಂದ, ಅಂದರೆ ಸತಿಪಟ್ಠಾನ ಸುತ್ತದಿಂದ ಶುರು ಮಾಡಿ, ಮೊದಲನೆಯದರಿಂದ ಬೇಡ. ಮೂಲಪರಿಯಾಯ ಎಂಬ ಅದು ಎಷ್ಟು ಕಗ್ಗಂಟೆಂದರೆ, ಕೇಳಿದ ಭಿಕ್ಖುಗಳಿಗೇ ಖುಷಿಯಾಗಲಿಲ್ಲ ಎಂದು ಅದರ ಕೊನೆಯಲ್ಲಿ ಬರೆದಿದೆ.